ಕೇಳಿದ್ದಾಯಿತು, ಉತ್ತರ ಕೊಡುವವರು ಯಾರು?

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವಿದ್ಯಾರ್ಥಿನಿಯ ಮೊಬೈಲಿಗೆ ಒಂದು ಲಿಂಕ್ ಬರುತ್ತದೆ. ಪಾಠ ಹೇಗಿತ್ತು, ಲೈಬ್ರರಿ ಹೇಗಿದೆ, ಹಾಸ್ಟೆಲ್ ಹೇಗಿದೆ, ಒಂದರಿಂದ ಐದರೊಳಗೆ ಅಂಕ ಕೊಡಿ. ಕೊನೆಯಲ್ಲಿ ಒಂದು ಖಾಲಿ ಚೌಕ: ‘ಇನ್ನೇನಾದರೂ ಹೇಳುವುದಿದೆಯೇ?’ ಅವಳು ನಾಲ್ಕು ಸಾಲು ಬರೆಯುತ್ತಾಳೆ. ಧನ್ಯವಾದ ಹೇಳುವ ಪುಟ ತೆರೆದುಕೊಳ್ಳುತ್ತದೆ. ಆ ನಾಲ್ಕು ಸಾಲನ್ನು ಯಾರು ಓದಿದರು, ಏನು ತೀರ್ಮಾನ ಆಯಿತು ಅನ್ನುವುದು ಅವಳಿಗೆ ಗೊತ್ತೇ ಆಗುವುದಿಲ್ಲ.

ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳನ್ನು ಕೇಳುವುದೇ ಇಲ್ಲ ಅಂತ ಇವತ್ತು ಯಾರೂ ದೂರುವಂತಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1920ರ ದಶಕದಲ್ಲೇ ಹರ್ಮನ್ ರೆಮ್ಮರ್ಸ್ ಎಂಬ ಮನಶ್ಶಾಸ್ತ್ರಜ್ಞ, ವಿದ್ಯಾರ್ಥಿಗಳು ಅಧ್ಯಾಪಕರಿಗೆ ಅಂಕ ಕೊಡುವ ನಮೂನೆ ಸಿದ್ಧಪಡಿಸಿದ್ದರು. ಬ್ರಿಟನ್ನಿನಲ್ಲಿ 2005ರಿಂದ ಕೊನೆಯ ವರ್ಷದ ಪದವಿ ವಿದ್ಯಾರ್ಥಿಗಳಿಗಾಗಿ ನ್ಯಾಷನಲ್ ಸ್ಟೂಡೆಂಟ್ ಸರ್ವೆ ನಡೆಯುತ್ತಿದೆ. ಭಾರತದಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಮಾನ್ಯತೆಯ ಲೆಕ್ಕಾಚಾರದಲ್ಲೇ ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ಸೇರಿಕೊಂಡಿದೆ. ಇದರ ಜೊತೆಗೆ ಒಂದೊಂದು ವಿಭಾಗದ್ದೂ ಒಂದೊಂದು ಫಾರಂ. ಕೇಳುವ ಕೆಲಸ ಇಷ್ಟು ಸುಲಭವಾಗಿ ಹಿಂದೆ ಯಾವತ್ತೂ ಇರಲಿಲ್ಲ.

ಬ್ರಿಟನ್ನಿನ ಆ ಸಮೀಕ್ಷೆಗೆ 2017ರಲ್ಲಿ ಒಂದು ಹೊಸ ಪ್ರಶ್ನೆ ಸೇರಿತು. ವಿದ್ಯಾರ್ಥಿಗಳು ಕೋರ್ಸಿನ ಬಗ್ಗೆ ಹೇಳಿದ್ದರ ಮೇಲೆ ಏನು ಕ್ರಮ ಆಯಿತು ಅನ್ನುವುದು ನಿಮಗೆ ಸ್ಪಷ್ಟವಾಗಿ ಗೊತ್ತಾಗಿದೆಯೇ? ಪಾಠ, ಲೈಬ್ರರಿ ಮುಂತಾದ ಹಲವು ಪ್ರಶ್ನೆಗಳಿಗೆ ಒಳ್ಳೆಯ ಅಂಕ ಕೊಟ್ಟ ವಿದ್ಯಾರ್ಥಿಗಳೇ ಇದಕ್ಕೆ ಮಾತ್ರ ಕಡಿಮೆ ಅಂಕ ಕೊಡುತ್ತಾ ಬಂದಿದ್ದಾರೆ. ನನಗೆ ಇಡೀ ವಿಷಯದ ಗಂಟು ಇಲ್ಲೇ ಇದೆ ಅನ್ನಿಸುತ್ತದೆ. ವಿದ್ಯಾರ್ಥಿಗಳಿಗೆ ಮಾತಾಡಲು ಅವಕಾಶ ಸಿಕ್ಕಿದೆ. ಉತ್ತರ ಮಾತ್ರ ಅವರಿಗೆ ತಲುಪುತ್ತಿಲ್ಲ, ಯಾಕೆಂದರೆ ಉತ್ತರ ಕೊಡುವುದು ಯಾರ ಕೆಲಸ, ಯಾವಾಗಿನೊಳಗೆ, ಯಾವ ದುಡ್ಡಿನಲ್ಲಿ ಅನ್ನುವುದು ತೀರ್ಮಾನವೇ ಆಗಿರುವುದಿಲ್ಲ.

ಒಂದು ದೂರಿನ ದಾರಿ

ಒಂದು ಉದಾಹರಣೆ ಹಿಡಿದು ನೋಡೋಣ. ‘ರಾತ್ರಿ ಲೈಬ್ರರಿಯಿಂದ ಹಾಸ್ಟೆಲ್‌ಗೆ ಹೋಗುವ ದಾರಿಯಲ್ಲಿ ದೀಪ ಇಲ್ಲ. ಒಂಬತ್ತು ಗಂಟೆ ಮೇಲೆ ಒಬ್ಬಳೇ ನಡೆಯಲು ಭಯ’ ಅಂತ ಒಬ್ಬಳು ಬರೆದಳು ಅಂದುಕೊಳ್ಳಿ. ತುಂಬಾ ಸರಳವಾದ ದೂರು. ಒಂದೆರಡು ಕಂಬ, ಒಂದಿಷ್ಟು ವೈರು, ಕೆಲವು ಬಲ್ಬು.

ಆದರೆ ಈ ದೂರು ಯಾರದು? ಸಮೀಕ್ಷೆ ನಡೆಸಿದ್ದು ಗುಣಮಟ್ಟದ ವಿಭಾಗ. ಅವರ ಕೆಲಸ ಉತ್ತರಗಳನ್ನು ಸೇರಿಸಿ ವರದಿ ಮಾಡುವುದು. ವರದಿಯಲ್ಲಿ ಈ ಸಾಲು ‘ಮೂಲಸೌಕರ್ಯ’ ಎಂಬ ತಲೆಬರಹದ ಕೆಳಗೆ ಹೋಗಿ ಕೂರುತ್ತದೆ. ಅಲ್ಲಿ ಅದರ ಪಕ್ಕದಲ್ಲೇ ಕುರ್ಚಿ ಮುರಿದಿದೆ, ವೈಫೈ ನಿಧಾನ, ನೀರಿನ ಫಿಲ್ಟರ್ ಕೆಟ್ಟಿದೆ ಎಂಬ ಸಾಲುಗಳೂ ಇರುತ್ತವೆ. ಎಲ್ಲ ಸೇರಿ ‘ಮೂಲಸೌಕರ್ಯದ ಬಗ್ಗೆ ತೃಪ್ತಿ ಐದಕ್ಕೆ ಇಷ್ಟು’ ಎಂಬ ಒಂದು ಅಂಕಿ ಆಗುತ್ತದೆ. ಭಯದ ವಿಷಯ ಅಲ್ಲಿಗೆ ಮಾಯ. ಓದಿದವರಿಗೆ ಅದು ಸೌಕರ್ಯದ ಪ್ರಶ್ನೆಯಾಗಿ ಕಾಣುತ್ತದೆ, ಸುರಕ್ಷತೆಯ ಪ್ರಶ್ನೆಯಾಗಿ ಕಾಣುವುದಿಲ್ಲ.

ಯಾರೋ ಒಬ್ಬರು ಗಮನಿಸಿ ಮುಂದಕ್ಕೆ ಕಳಿಸಿದರು ಅಂತಲೇ ಇಟ್ಟುಕೊಳ್ಳಿ. ಕಂಬ ಹಾಕುವುದು ಎಂಜಿನಿಯರಿಂಗ್ ವಿಭಾಗದವರು. ಆ ದಾರಿ ಯಾರ ಸುಪರ್ದಿನಲ್ಲಿದೆ ಅನ್ನುವುದು ಹಾಸ್ಟೆಲ್ ವಾರ್ಡನ್ ಮತ್ತು ಭದ್ರತಾ ವಿಭಾಗದ ನಡುವೆ ಇತ್ಯರ್ಥ ಆಗಬೇಕು. ಹಣ ಈ ವರ್ಷದ ಬಜೆಟ್ಟಿನಲ್ಲಿ ಇಲ್ಲ, ಮುಂದಿನ ವರ್ಷಕ್ಕೆ ಸೇರಿಸಬೇಕು. ಆಮೇಲೆ ಟೆಂಡರು, ಮಂಜೂರಾತಿ. ಇದರಲ್ಲಿ ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬರೂ ತಮ್ಮ ಭಾಗದ ಕೆಲಸ ಮಾಡುತ್ತಿದ್ದಾರೆ. ಇಡೀ ದೂರನ್ನು ಕೊನೆಯವರೆಗೂ ಕೈಹಿಡಿದು ನಡೆಸುವ ಒಬ್ಬ ಮನುಷ್ಯ ಮಾತ್ರ ಇಲ್ಲ. ಕೊನೆಗೆ ಒಂದು ದಿನ ದೀಪ ಬರುತ್ತದೆ. ಅಷ್ಟರಲ್ಲಿ ದೂರು ಬರೆದವಳು ಪದವಿ ಮುಗಿಸಿ ಹೋಗಿರುತ್ತಾಳೆ. ಹೊಸದಾಗಿ ಸೇರಿದವಳಿಗೆ ಆ ದೀಪ ಯಾಕೆ ಬಂತು ಅಂತ ಗೊತ್ತಿರುವುದಿಲ್ಲ. ಹಾಗಾಗಿ ಕೆಲಸ ಆಗಿದ್ದರೂ, ‘ಹೇಳಿದರೆ ಕೆಲಸ ಆಗುತ್ತದೆ’ ಎಂಬ ನಂಬಿಕೆ ಯಾರಲ್ಲೂ ಹುಟ್ಟುವುದಿಲ್ಲ.

ಸಮಯದ ಈ ಹೊಂದಾಣಿಕೆ ಇಲ್ಲದಿರುವಿಕೆಯನ್ನು ಆಡಳಿತದವರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಎರಡು ವರ್ಷ ಅಂದರೆ ಒಂದು ಯೋಜನೆಯ ಅವಧಿ. ಸ್ನಾತಕೋತ್ತರ ವಿದ್ಯಾರ್ಥಿಗೆ ಎರಡು ವರ್ಷ ಅಂದರೆ ಅವಳ ಪೂರ್ತಿ ಕ್ಯಾಂಪಸ್ ಜೀವನ. ‘ಮುಂದಿನ ವರ್ಷ ನೋಡೋಣ’ ಅನ್ನುವ ಮಾತು ಕಚೇರಿಯಲ್ಲಿ ಸಹಜ. ಕೇಳಿಸಿಕೊಳ್ಳುವವಳಿಗೆ ಅದು ‘ಇಲ್ಲ’ ಅನ್ನುವುದಕ್ಕೆ ಸಮ.

ನಡುವೆಯೇ ಕೇಳುವವರು

ಪಾಠದ ವಿಷಯದಲ್ಲಿ ಈ ತೊಡಕಿಗೆ ಒಂದು ಒಳ್ಳೆಯ ಪರಿಹಾರ ಹಲವು ದಶಕಗಳಿಂದ ಇದೆ. ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಒಂದು ವಿಧಾನ ಅದು. ಸೆಮಿಸ್ಟರಿನ ನಡುಭಾಗದಲ್ಲಿ ಒಂದು ದಿನ ಅಧ್ಯಾಪಕರು ತರಗತಿಯಿಂದ ಹೊರಗೆ ಹೋಗುತ್ತಾರೆ. ಪರಿಚಯವಿಲ್ಲದ, ತರಬೇತಿ ಪಡೆದ ಒಬ್ಬರು ಒಳಗೆ ಬರುತ್ತಾರೆ. ವಿದ್ಯಾರ್ಥಿಗಳು ನಾಲ್ಕೈದು ಜನರ ಗುಂಪುಗಳಲ್ಲಿ ಕೂತು ಮಾತಾಡುತ್ತಾರೆ. ಈ ಕೋರ್ಸಿನಲ್ಲಿ ಕಲಿಯಲು ಏನು ಸಹಾಯ ಆಗುತ್ತಿದೆ? ಏನು ಅಡ್ಡಿ ಆಗುತ್ತಿದೆ? ಏನು ಬದಲಾದರೆ ಚೆನ್ನ? ಗುಂಪಿನಲ್ಲಿ ಒಪ್ಪಿಗೆಯಾದ ಮಾತುಗಳು ಬೋರ್ಡಿನ ಮೇಲೆ ಬರುತ್ತವೆ, ಇಡೀ ತರಗತಿ ಅದನ್ನು ಚರ್ಚಿಸುತ್ತದೆ. ಆಮೇಲೆ ಆ ಹೊರಗಿನ ವ್ಯಕ್ತಿ ಅಧ್ಯಾಪಕರ ಜೊತೆ ಪ್ರತ್ಯೇಕವಾಗಿ ಕೂತು, ಯಾರ ಹೆಸರೂ ಹೇಳದೆ, ಎಲ್ಲವನ್ನೂ ವಿವರಿಸುತ್ತಾರೆ. ಮುಂದಿನ ತರಗತಿಯಲ್ಲಿ ಅಧ್ಯಾಪಕರು ಬಂದು ಹೇಳುತ್ತಾರೆ: ಇದನ್ನು ಬದಲಾಯಿಸುತ್ತೇನೆ, ಇದನ್ನು ಬದಲಾಯಿಸಲು ಆಗುವುದಿಲ್ಲ, ಕಾರಣ ಇದು.

ಸಮೀಕ್ಷೆಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಹೇಳಿದವರೇ ಫಲ ಪಡೆಯುತ್ತಾರೆ. ಒಬ್ಬನ ಸಿಟ್ಟು ಗುಂಪಿನಲ್ಲಿ ಹದಕ್ಕೆ ಬರುತ್ತದೆ. ‘ಮೇಷ್ಟ್ರು ಸರಿಯಿಲ್ಲ’ ಅನ್ನುವ ಮಾತು ‘ಸ್ಲೈಡ್‌ಗಳನ್ನು ಮೊದಲೇ ಕೊಟ್ಟರೆ ಬರೆದುಕೊಳ್ಳಲು ಅನುಕೂಲ’ ಅಂತ ಬದಲಾಗುತ್ತದೆ. ಮೊದಲನೆಯ ಮಾತಿನಿಂದ ಯಾವ ಅಧ್ಯಾಪಕರೂ ಏನೂ ಕಲಿಯಲಾರರು. ಎರಡನೆಯದನ್ನು ನಾಳೆಯೇ ಮಾಡಬಹುದು. ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪೀಟರ್ ಕೋಹೆನ್ ಎಂಬ ಸಂಶೋಧಕ 1980ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೂ ಇದನ್ನೇ ಹೇಳಿತು. ನಡುವೆ ಸಿಗುವ ಫೀಡ್‌ಬ್ಯಾಕಿನಿಂದ ಪಾಠ ಸುಧಾರಿಸುತ್ತದೆ. ಬರಿ ಅಂಕಿಗಳ ಹಾಳೆ ಕೈಗೆ ಸಿಕ್ಕರೆ ಸ್ವಲ್ಪ, ಅದರ ಜೊತೆ ಯಾರಾದರೂ ಕೂತು ಮಾತಾಡಿದರೆ ಜಾಸ್ತಿ.

ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯ ಕೆಲವು ವರ್ಷಗಳ ಹಿಂದೆ ಹಳೆಯ ಅಂಕ ಕೊಡುವ ಪದ್ಧತಿಯನ್ನೇ ಬಿಟ್ಟಿತು. ಈಗ ಅಲ್ಲಿ ನಡುವೆ ಒಂದು ಸಮೀಕ್ಷೆ, ಕೊನೆಗೆ ಒಂದು. ಕಲಿಕೆಗೆ ಏನು ನೆರವಾಯಿತು, ಏನು ಬದಲಾಗಬೇಕು ಅನ್ನುವುದರ ಮೇಲೆ ಗಮನ. ಇಂಥ ಬದಲಾವಣೆಗೆ ದೊಡ್ಡ ಹಣ ಬೇಕಿಲ್ಲ. ಕೇಳುವ ದಿನಾಂಕವನ್ನು ಸೆಮಿಸ್ಟರಿನ ಕೊನೆಯಿಂದ ನಡುವಿಗೆ ತರುವ ಮನಸ್ಸು ಬೇಕು.

ಅಂಕಿಯ ಹಿಂದೆ ಹೋದಾಗ

ಅಂಕಿಗಳಿಂದ ಪ್ರಯೋಜನವೇ ಇಲ್ಲ ಅಂತ ನಾನು ಹೇಳಲಾರೆ. ಬ್ರಿಟನ್ನಿನ ಸಮೀಕ್ಷೆಯಲ್ಲಿ ಮೊದಲ ವರ್ಷಗಳಿಂದಲೂ ಮೌಲ್ಯಮಾಪನದ ವಿಭಾಗಕ್ಕೆ ಕಡಿಮೆ ಅಂಕ ಬರುತ್ತಿತ್ತು. ಬರೆದು ಕೊಟ್ಟ ಅಸೈನ್‌ಮೆಂಟ್ ತಿದ್ದಿ ವಾಪಸ್ ಬರುವುದು ತಡ, ಬಂದರೂ ಅದರಲ್ಲಿ ಯಾಕೆ ಇಷ್ಟು ಅಂಕ ಅನ್ನುವ ವಿವರಣೆ ಇಲ್ಲ. ದೇಶದ ತುಂಬಾ ಒಂದೇ ದೂರು ಕಂಡಾಗ ಅದನ್ನು ‘ನಮ್ಮ ವಿದ್ಯಾರ್ಥಿಗಳ ಗೊಣಗಾಟ’ ಅಂತ ತಳ್ಳಿಹಾಕುವುದು ಕಷ್ಟವಾಯಿತು. ಇಂತಿಷ್ಟು ಕೆಲಸದ ದಿನಗಳೊಳಗೆ ತಿದ್ದಿ ಕೊಡಬೇಕು ಎಂಬ ನಿಯಮವನ್ನು ಅನೇಕ ವಿಶ್ವವಿದ್ಯಾಲಯಗಳು ತಂದವು. ಅದು ನಿಜವಾದ ಸುಧಾರಣೆ. ಮೊದಲ ಅಸೈನ್‌ಮೆಂಟಿನ ತಪ್ಪು ಗೊತ್ತಾಗದೆ ಎರಡನೆಯದನ್ನು ಬರೆಯುವ ಸಂಕಟ ಅನುಭವಿಸಿದವರಿಗೆ ಇದರ ಬೆಲೆ ಗೊತ್ತು.

ತೊಂದರೆ ಶುರುವಾಗುವುದು ಅಂಕಿಯೇ ಗುರಿಯಾದಾಗ. ಅಂಕಿ ಪಟ್ಟಿಗಳಿಗೆ ಹೋಗುತ್ತದೆ, ಪಟ್ಟಿ ಜಾಹೀರಾತಿಗೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಸಮೀಕ್ಷೆಯ ಫಲಿತಾಂಶವನ್ನು ಬೋಧನೆಯ ಸರಕಾರಿ ಶ್ರೇಯಾಂಕಕ್ಕೆ, ಅದರ ಮೂಲಕ ಶುಲ್ಕ ಏರಿಕೆಗೆ ಜೋಡಿಸುವ ಯೋಜನೆ ಬಂದಾಗ ರಾಷ್ಟ್ರೀಯ ವಿದ್ಯಾರ್ಥಿ ಒಕ್ಕೂಟ 2017ರಲ್ಲಿ ಸಮೀಕ್ಷೆಯನ್ನೇ ಬಹಿಷ್ಕರಿಸಲು ಕರೆ ಕೊಟ್ಟಿತು. ಆ ವರ್ಷ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಸೇರಿ ಕೆಲವು ಕಡೆ ಭಾಗವಹಿಸಿದವರ ಪ್ರಮಾಣ ಶೇ. 50ನ್ನೂ ದಾಟಲಿಲ್ಲ. ಅದಕ್ಕಿಂತ ಕಡಿಮೆ ಇದ್ದರೆ ಫಲಿತಾಂಶ ಪ್ರಕಟಿಸುವಂತಿಲ್ಲ ಅನ್ನುವುದು ನಿಯಮ. ವಿದ್ಯಾರ್ಥಿಗಳ ತರ್ಕ ನೇರವಾಗಿತ್ತು: ನಮ್ಮ ಮೆಚ್ಚುಗೆ ನಮ್ಮ ತಮ್ಮಂದಿರ, ತಂಗಿಯರ ಫೀಸು ಹೆಚ್ಚಿಸಲು ಬಳಕೆಯಾಗುವುದಾದರೆ ನಾವು ಮಾತಾಡುವುದಿಲ್ಲ. 2023ರಲ್ಲಿ ಇಂಗ್ಲೆಂಡಿನ ವಿದ್ಯಾರ್ಥಿಗಳಿಗೆ ‘ಒಟ್ಟಾರೆ ತೃಪ್ತಿ ಎಷ್ಟು’ ಎಂಬ ಪ್ರಶ್ನೆಯನ್ನೇ ಕೈಬಿಡಲಾಯಿತು. ಆ ಒಂದು ಸಂಖ್ಯೆಯಿಂದ ಏನನ್ನು ಸುಧಾರಿಸಬೇಕು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹೀಗಾಗಿ ಅದು ಹೋದದ್ದು ಒಳ್ಳೆಯದೇ ಆಯಿತು ಅನ್ನುವುದು ನನ್ನ ಅಭಿಪ್ರಾಯ.

ಅಧ್ಯಾಪಕರಿಗೆ ಕೊಡುವ ಅಂಕಗಳಲ್ಲಿ ಇನ್ನೊಂದು ಗಂಭೀರ ತೊಡಕಿದೆ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಸಣ್ಣದು, ಆದರೆ ಅದರ ಜೋಡಣೆ ಜಾಣತನದ್ದು. ಪೂರ್ತಿ ಆನ್‌ಲೈನ್ ಕೋರ್ಸು. ವಿದ್ಯಾರ್ಥಿಗಳು ಬೋಧಕರ ಮುಖ ನೋಡಿಲ್ಲ. ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರೂ ಎರಡೆರಡು ಗುಂಪಿಗೆ ಪಾಠ ಮಾಡಿದರು. ಒಂದು ಗುಂಪಿಗೆ ತಮ್ಮ ನಿಜವಾದ ಗುರುತಿನಲ್ಲಿ, ಇನ್ನೊಂದಕ್ಕೆ ಪರಸ್ಪರರ ಹೆಸರಿನಲ್ಲಿ. ತಿದ್ದಿದ ಕೆಲಸವನ್ನು ಇಬ್ಬರೂ ಒಂದೇ ಹೊತ್ತಿಗೆ ವಾಪಸ್ ಕೊಟ್ಟರು. ಆದರೂ ‘ಸಮಯಕ್ಕೆ ಸರಿಯಾಗಿ ಕೊಡುತ್ತಾರೆಯೇ’ ಎಂಬ ಪ್ರಶ್ನೆಗೆ ಗಂಡಸು ಅಂತ ನಂಬಿದ ಬೋಧಕರಿಗೆ ಐದಕ್ಕೆ 4.35, ಹೆಂಗಸು ಅಂತ ನಂಬಿದವರಿಗೆ 3.55 ಸಿಕ್ಕಿತು. ಗಡಿಯಾರ ನೋಡಿ ಹೇಳಬಹುದಾದ ವಿಷಯದಲ್ಲೂ ಹೀಗೆ. ಕೆನಡಾದ ಆಗಿನ ರೈಯರ್ಸನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 2018ರಲ್ಲಿ ಮಧ್ಯಸ್ಥಗಾರರು ಇಂಥ ಪುರಾವೆಗಳನ್ನೆಲ್ಲ ನೋಡಿ, ವಿದ್ಯಾರ್ಥಿಗಳ ಅಂಕಗಳನ್ನು ಬಡ್ತಿ ಮತ್ತು ಕಾಯಂ ನೇಮಕಾತಿಗಾಗಿ ಬೋಧನೆಯ ಗುಣಮಟ್ಟ ಅಳೆಯಲು ಬಳಸಬಾರದು ಎಂದು ತೀರ್ಪು ಕೊಟ್ಟರು.

ಇದನ್ನು ಹಿಡಿದುಕೊಂಡು ‘ವಿದ್ಯಾರ್ಥಿಗಳ ಮಾತೇ ಬೇಡ’ ಅನ್ನುವವರೂ ಇದ್ದಾರೆ. ಅದು ತಪ್ಪು. ತರಗತಿಯ ಹಿಂದಿನ ಬೆಂಚಿಗೆ ಧ್ವನಿ ಕೇಳಿಸುತ್ತದೆಯೇ, ಲ್ಯಾಬಿನ ಉಪಕರಣ ಕೆಲಸ ಮಾಡುತ್ತದೆಯೇ, ಸಂಜೆ ಆರರ ಮೇಲೆ ಕ್ಯಾಂಪಸ್ಸಿನಲ್ಲಿ ಡಾಕ್ಟರ್ ಸಿಗುತ್ತಾರೆಯೇ, ಇವು ವಿದ್ಯಾರ್ಥಿಗಳಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ. ಅವರಿಗೆ ನೇರ ಅನುಭವ ಇರುವ ವಿಷಯವನ್ನು ಅವರಿಂದ ಕೇಳಬೇಕು. ಒಬ್ಬ ವ್ಯಕ್ತಿಯ ನೌಕರಿಯ ಹಣೆಬರಹ ಬರೆಯುವ ಹೊರೆಯನ್ನು ಅವರ ಮೇಲೆ ಹಾಕಬಾರದು. ಹಾಗೆ ಹಾಕಿದಾಗ ಎರಡೂ ಕಡೆ ಹೆದರಿಕೆ ಬೆಳೆಯುತ್ತದೆ. ಅಧ್ಯಾಪಕರು ಕಷ್ಟದ ಪಾಠ, ಕಟ್ಟುನಿಟ್ಟಿನ ಮೌಲ್ಯಮಾಪನ ಎರಡನ್ನೂ ಸಡಿಲ ಮಾಡುತ್ತಾರೆ. ವಿದ್ಯಾರ್ಥಿಗಳು ಇಂಟರ್ನಲ್ ಅಂಕಕ್ಕೆ ಹೆದರಿ ಸುಮ್ನೆ ಐದಕ್ಕೆ ಐದು ಒತ್ತುತ್ತಾರೆ.

ಫಾರಂ ತುಂಬದವರು

ಸಮೀಕ್ಷೆಯಲ್ಲಿ ಕಾಣದವರ ಬಗ್ಗೆ ನನಗೆ ಹೆಚ್ಚು ಚಿಂತೆ. ಎಂಟು ಜನರಿರುವ ಸ್ನಾತಕೋತ್ತರ ತರಗತಿಯಲ್ಲಿ ‘ಹೆಸರು ಗುಟ್ಟಾಗಿರುತ್ತದೆ’ ಅಂದರೆ ಯಾರು ನಂಬುತ್ತಾರೆ? ಬರವಣಿಗೆಯ ಧಾಟಿಯಿಂದಲೇ ಗೊತ್ತಾಗುತ್ತದೆ, ಅಲ್ವಾ? ಸಂಶೋಧನಾ ವಿದ್ಯಾರ್ಥಿಯ ಪಾಡು ಇನ್ನೂ ಕಷ್ಟ. ಅವನ ಮಾರ್ಗದರ್ಶಕರ ಒಂದು ಸಹಿಯ ಮೇಲೆ ವರ್ಷಗಳ ಕೆಲಸ ನಿಂತಿರುತ್ತದೆ. ಪಾಠ ಮುಗಿದ ಕೂಡಲೇ ಕೆಲಸಕ್ಕೆ ಓಡುವವನಿಗೆ ಮೂವತ್ತು ಪ್ರಶ್ನೆ ತುಂಬಲು ಸಮಯ ಇಲ್ಲ. ಗಾಲಿಕುರ್ಚಿಯಲ್ಲಿ ಓಡಾಡುವ ವಿದ್ಯಾರ್ಥಿನಿ ಇಡೀ ವಿಭಾಗದಲ್ಲಿ ಒಬ್ಬಳೇ ಇರಬಹುದು. ಲಿಫ್ಟ್ ವಾರಗಟ್ಟಲೆ ಕೆಟ್ಟಿದೆ ಅಂತ ಅವಳು ಬರೆದರೆ ಸರಾಸರಿಯಲ್ಲಿ ಅದರ ತೂಕ ಶೂನ್ಯ. ಅವಳಿಗೆ ಮಾತ್ರ ಮೂರನೇ ಮಹಡಿಯ ಪ್ರತಿ ತರಗತಿಯೂ ಬಂದ್. ಬಹುಮತ ಎಣಿಸುವ ಪದ್ಧತಿಯಲ್ಲಿ ಇಂಥ ದೂರು ಯಾವತ್ತೂ ಮೇಲಕ್ಕೆ ಬರುವುದಿಲ್ಲ. ಅದಕ್ಕೆ ಬೇರೆ ಬಾಗಿಲು ಬೇಕು, ಒಂದೇ ದೂರು ಬಂದರೂ ಕೆಲಸ ಶುರುವಾಗುವ ಬಾಗಿಲು.

ಕೇಳದೆಯೂ ತಿಳಿದುಕೊಳ್ಳುವ ದಾರಿಗಳಿವೆ. ಶಿಕಾಗೋದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಕ್ಯಾಂಪಸ್ಸನ್ನು ಮೇಲುಸೇತುವೆಯ ರೈಲು ಎರಡಾಗಿ ಸೀಳುತ್ತದೆ. ಒಂದು ಕಡೆ ತರಗತಿಗಳು, ಇನ್ನೊಂದು ಕಡೆ ವಿದ್ಯಾರ್ಥಿಗಳ ವಸತಿ. ನಡುವಿನ ಖಾಲಿ ಜಾಗದಲ್ಲಿ ವಿದ್ಯಾರ್ಥಿಗಳು ಓಡಾಡಿ ಓಡಾಡಿ ಕಾಲುದಾರಿಗಳು ಬಿದ್ದಿದ್ದವು. ಅಲ್ಲಿ ವಿದ್ಯಾರ್ಥಿ ಕೇಂದ್ರ ಕಟ್ಟುವ ಕೆಲಸ ವಾಸ್ತುಶಿಲ್ಪಿ ರೆಮ್ ಕೂಲ್‌ಹಾಸ್ ಅವರ ಸಂಸ್ಥೆಗೆ ಸಿಕ್ಕಿದಾಗ ಅವರು ಆ ದಾರಿಗಳನ್ನು ಗುರುತು ಹಾಕಿಕೊಂಡು, ಅವನ್ನೇ ಕಟ್ಟಡದ ಒಳಗಿನ ಓಣಿಗಳನ್ನಾಗಿ ಮಾಡಿದರು. ರೈಲಿನ ಸದ್ದು ತಡೆಯಲು ಹಳಿಯ ಸುತ್ತ ಉಕ್ಕಿನ ಕೊಳವೆ ಕಟ್ಟಿದರು. 2003ರಲ್ಲಿ ತೆರೆದ ಆ ಕಟ್ಟಡಕ್ಕೆ ಬೇಕಾದ ಮುಖ್ಯ ಮಾಹಿತಿಯನ್ನು ವಿದ್ಯಾರ್ಥಿಗಳು ನಡೆದಾಡುತ್ತಲೇ ಕೊಟ್ಟಿದ್ದರು. ಲೈಬ್ರರಿಯಲ್ಲಿ ಯಾವ ಗಂಟೆಗೆ ಕುರ್ಚಿ ಸಿಗುವುದಿಲ್ಲ, ಕೌನ್ಸೆಲಿಂಗ್‌ಗೆ ಎಷ್ಟು ವಾರ ಕಾಯಬೇಕು, ಯಾವ ಕೋರ್ಸನ್ನು ಜನ ನಡುವೆ ಬಿಡುತ್ತಾರೆ, ಇವೆಲ್ಲ ಈಗಾಗಲೇ ಕಚೇರಿಯ ಕಡತಗಳಲ್ಲಿವೆ. ಹೊಸ ಫಾರಂ ಕಳಿಸುವ ಮೊದಲು ಅವನ್ನು ತೆರೆದು ನೋಡಬಹುದು.

ಆಗುವುದಿಲ್ಲ ಅನ್ನುವುದೂ ಉತ್ತರವೇ

ಹಲವು ಕ್ಯಾಂಪಸ್ಸುಗಳ ಗೋಡೆಗಳಲ್ಲಿ ‘ನೀವು ಹೇಳಿದಿರಿ, ನಾವು ಮಾಡಿದೆವು’ ಎಂಬ ಪೋಸ್ಟರ್‌ಗಳು ಕಾಣುತ್ತವೆ. ಮೈಕ್ರೋವೇವ್ ಬೇಕು ಅಂದಿರಿ, ಇಟ್ಟೆವು. ಚಾರ್ಜಿಂಗ್ ಪಾಯಿಂಟ್ ಬೇಕು ಅಂದಿರಿ, ಹಾಕಿದೆವು. ಒಳ್ಳೆಯ ಅಭ್ಯಾಸ, ಬೇಡ ಅನ್ನಲಾರೆ. ಆದರೆ ಸುಲಭವಾಗಿ ಆಗುವ ಕೆಲಸಗಳು ಮಾತ್ರ ಪೋಸ್ಟರಿಗೆ ಬರುತ್ತವೆ. ಹಾಸ್ಟೆಲ್ ಬಾಡಿಗೆ ಇಳಿಸಿ, ಕೌನ್ಸೆಲರ್‌ಗಳ ಸಂಖ್ಯೆ ಹೆಚ್ಚಿಸಿ, ಕಿರುಕುಳ ಕೊಟ್ಟವರ ಮೇಲೆ ಕ್ರಮ ತೆಗೆದುಕೊಳ್ಳಿ ಅಂದವರಿಗೆ ಆ ಗೋಡೆಯ ಮೇಲೆ ಜಾಗ ಇಲ್ಲ.

‘ನೀವು ಹೇಳಿದಿರಿ, ನಮ್ಮಿಂದ ಆಗುತ್ತಿಲ್ಲ, ಕಾರಣ ಇದು’ ಎಂದು ಬರೆಯುವ ಧೈರ್ಯ ಮಾಡುವವರು ಕಡಿಮೆ. ಆದರೆ ವಿಶ್ವಾಸ ಬೆಳೆಯುವುದು ಅಲ್ಲಿಂದಲೇ. ಲೈಬ್ರರಿಯನ್ನು ರಾತ್ರಿಯಿಡೀ ತೆರೆದಿಡಲು ಇಷ್ಟು ಸಿಬ್ಬಂದಿ ಬೇಕು, ಅದಕ್ಕೆ ಇಷ್ಟು ಖರ್ಚು, ಈ ವರ್ಷ ಪರೀಕ್ಷೆಯ ತಿಂಗಳಲ್ಲಿ ಮಾತ್ರ ಸಾಧ್ಯ ಅಂತ ಲೆಕ್ಕ ಮುಂದಿಟ್ಟರೆ ವಿದ್ಯಾರ್ಥಿಗಳಿಗೆ ಅರ್ಥವಾಗುತ್ತದೆ. ಅವರು ಇಪ್ಪತ್ತರ ಆಸುಪಾಸಿನ ವಯಸ್ಕರು. ಕೆಲವೊಮ್ಮೆ ಅವರೇ ಬೇರೆ ದಾರಿ ತೋರಿಸುತ್ತಾರೆ: ಇಡೀ ಲೈಬ್ರರಿ ಬೇಡ, ಕೆಳಗಿನ ಒಂದು ಹಾಲ್ ಮಾತ್ರ ತೆರೆದಿಡಿ. ಕಾರಣ ಹೇಳದೆ ಸುಮ್ಮನಿದ್ದರೆ ಈ ಮಾತುಕತೆ ಶುರುವಾಗುವುದೇ ಇಲ್ಲ.

ಒಳ್ಳೆಯ ಉತ್ತರಕ್ಕೆ ಹತ್ತಿರದ ಒಂದು ಉದಾಹರಣೆ ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ್ದು. ಮುಟ್ಟಿನ ದಿನಗಳಲ್ಲಿ ತರಗತಿಗೆ ಬರಲಾಗದೆ ಹಾಜರಾತಿ ಕಡಿಮೆಯಾಗುತ್ತದೆ ಅನ್ನುವುದು ವಿದ್ಯಾರ್ಥಿನಿಯರ ಕಷ್ಟವಾಗಿತ್ತು. ವಿದ್ಯಾರ್ಥಿ ಒಕ್ಕೂಟ ಬೇಡಿಕೆ ಇಟ್ಟಿತು. 2023ರ ಜನವರಿಯಲ್ಲಿ ವಿಶ್ವವಿದ್ಯಾಲಯ ಪ್ರತಿ ಸೆಮಿಸ್ಟರಿನಲ್ಲಿ ವಿದ್ಯಾರ್ಥಿನಿಯರಿಗೆ ಹಾಜರಾತಿ ಕೊರತೆಯಲ್ಲಿ ಹೆಚ್ಚುವರಿ ಶೇ. 2 ವಿನಾಯಿತಿ ಕೊಟ್ಟು ಆದೇಶ ಹೊರಡಿಸಿತು. ಅಂದರೆ ಶೇ. 75 ಬೇಕಿದ್ದ ಕಡೆ ಶೇ. 73 ಸಾಕು. ಅದೇ ತಿಂಗಳು ಕೇರಳ ಸರಕಾರ ಇದನ್ನು ತನ್ನ ಉನ್ನತ ಶಿಕ್ಷಣ ಇಲಾಖೆಯ ಇತರ ವಿಶ್ವವಿದ್ಯಾಲಯಗಳಿಗೂ ವಿಸ್ತರಿಸುವುದಾಗಿ ಹೇಳಿತು. ಕಟ್ಟಡ ಬೇಕಾಗಲಿಲ್ಲ, ಟೆಂಡರ್ ಬೇಕಾಗಲಿಲ್ಲ. ಹಾಜರಾತಿಯ ಒಂದು ನಿಯಮ ಬದಲಾಯಿತು. ಕ್ಯಾಂಪಸ್ ಜೀವನದ ಎಷ್ಟೋ ಕಷ್ಟಗಳು ಹೀಗೆ ನಿಯಮಗಳಿಂದಲೇ ಬಂದವು. ಅವನ್ನು ಸರಿಮಾಡಲು ದುಡ್ಡಿಗಿಂತ ಜಾಸ್ತಿ ಬೇಕಾಗಿರುವುದು ಒಂದು ಸಭೆ, ಒಂದು ಸಹಿ.

ಬಾಗಿಲು ಮುಚ್ಚಿದಾಗ ಏನಾಗುತ್ತದೆ ಅನ್ನುವುದಕ್ಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾಲಯದ ಉದಾಹರಣೆ ಇದೆ. ವಸಾಹತುಶಾಹಿ ಸೆಸಿಲ್ ರೋಡ್ಸ್‌ನ ಪ್ರತಿಮೆ ಅಲ್ಲಿ ಪ್ರಮುಖ ಜಾಗದಲ್ಲಿ ಕೂತಿತ್ತು. ಅದರ ಬಗ್ಗೆ ಆಕ್ಷೇಪಗಳು ಹೊಸವೇನಲ್ಲ. 2015ರ ಮಾರ್ಚ್ 9ರಂದು ದೊಡ್ಡ ಪ್ರತಿಭಟನೆ ಶುರುವಾಯಿತು. ಏಪ್ರಿಲ್ 9ರಂದು ಪ್ರತಿಮೆಯನ್ನು ತೆಗೆಯಲಾಯಿತು. ವರ್ಷಗಟ್ಟಲೆ ಆಗದ್ದು ಒಂದೇ ತಿಂಗಳಲ್ಲಿ ಆಯಿತು. ಪ್ರತಿಭಟನೆಯನ್ನು ಶಿಸ್ತಿನ ಸಮಸ್ಯೆ ಅಂತ ಮಾತ್ರ ನೋಡುವ ಆಡಳಿತಗಳು ಒಂದು ಮಾತು ಯೋಚಿಸಬೇಕು. ಬೀದಿಗೆ ಬಂದರೆ ಮಾತ್ರ ಕೆಲಸ ಆಗುತ್ತದೆ ಅಂತ ವಿದ್ಯಾರ್ಥಿಗಳು ಕಲಿತಿದ್ದರೆ, ಆ ಪಾಠ ಕಲಿಸಿದವರು ಯಾರು?

ಅಭಿಪ್ರಾಯ ಬೇರೆ, ಅನ್ಯಾಯದ ದೂರು ಬೇರೆ ಅನ್ನುವುದನ್ನೂ ಮರೆಯಬಾರದು. ಕಿರುಕುಳ, ತಾರತಮ್ಯ, ತಡೆಹಿಡಿದ ಅಂಕಪಟ್ಟಿ, ವಾಪಸ್ ಕೊಡದ ಶುಲ್ಕ, ಇವು ಸಮೀಕ್ಷೆಯ ಖಾಲಿ ಚೌಕದಲ್ಲಿ ಬರೆಯುವ ವಿಷಯಗಳಲ್ಲ. ಭಾರತದಲ್ಲಿ ಯುಜಿಸಿ 2023ರಲ್ಲಿ ತಂದ ನಿಯಮದಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ದೂರು ಸಿಕ್ಕ 15 ಕೆಲಸದ ದಿನಗಳೊಳಗೆ ಅದು ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ ಓಂಬುಡ್ಸ್‌ಪರ್ಸನ್, ಅಂದರೆ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಅಧಿಕಾರಿಯ ಬಳಿ ಮೇಲ್ಮನವಿ ಸಲ್ಲಿಸಬಹುದು. ಗಡುವು ಬರೆದಿಟ್ಟಿರುವುದು ಒಳ್ಳೆಯ ಹೆಜ್ಜೆ. ಆದರೆ ಆ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿ ವಿಶೇಷ ಆಹ್ವಾನಿತ ಮಾತ್ರ. ಪ್ರಾಧ್ಯಾಪಕರ ನಡುವೆ ಒಬ್ಬ ಆಹ್ವಾನಿತ ವಿದ್ಯಾರ್ಥಿ ಎಷ್ಟು ಬಿಚ್ಚಿ ಮಾತಾಡಬಲ್ಲ ಅನ್ನುವುದು ನನ್ನನ್ನು ಕಾಡುವ ಪ್ರಶ್ನೆ.

ಕುರ್ಚಿ ಮತ್ತು ದುಡ್ಡು

ವಿದ್ಯಾರ್ಥಿಗಳ ಕೈಗೆ ಅಧಿಕಾರ ಕೊಡುವುದು ಹೊಸ ಫ್ಯಾಷನ್ ಅಂತ ಗೊಣಗುವವರು ಮಧ್ಯಯುಗದ ಬೊಲೋನಾ ಕಡೆ ನೋಡಬೇಕು. ಇಟಲಿಯ ಆ ಹಳೆಯ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಸಂಘವೇ ಅಧ್ಯಾಪಕರಿಗೆ ನಿಯಮ ಹಾಕುತ್ತಿತ್ತು. ಗಂಟೆ ಬಾರಿಸಿದ ಮೇಲೆ ಪಾಠ ಶುರುಮಾಡಿದರೆ ದಂಡ, ಹೊತ್ತು ಮೀರಿ ಎಳೆದರೆ ದಂಡ. ಕೇಳಲು ಐದು ಜನರೂ ಬಾರದಿದ್ದರೆ ಗೈರುಹಾಜರಿ ಅಂತಲೇ ಲೆಕ್ಕ. ಆ ಮಟ್ಟದ ಬಿಗಿ ಈಗ ಯಾರಿಗೂ ಬೇಡ, ನನಗೂ ಬೇಡ. ಮುಂದೆ ನಗರಾಡಳಿತ ಸಂಬಳ ಕೊಡಲು ಶುರುಮಾಡಿದಾಗ ಅಧಿಕಾರವೂ ಅತ್ತ ಸರಿಯಿತು. 1918ರಲ್ಲಿ ಅರ್ಜೆಂಟೀನಾದ ಕೊರ್ಡೋಬಾದಲ್ಲಿ ವಿದ್ಯಾರ್ಥಿಗಳು ಹಳೆಯ ಆಡಳಿತದ ವಿರುದ್ಧ ಎದ್ದರು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಗಳಲ್ಲಿ ವಿದ್ಯಾರ್ಥಿಗಳಿಗೂ ಪಾಲು ಇರಬೇಕು ಎಂಬ ಅವರ ಬೇಡಿಕೆ ಲ್ಯಾಟಿನ್ ಅಮೆರಿಕದ ಅನೇಕ ದೇಶಗಳಿಗೆ ಹರಡಿತು.

ಬರಿ ಕುರ್ಚಿ ಕೊಟ್ಟರೆ ಸಾಲದು ಅನ್ನುವುದನ್ನು ಸ್ಕಾಟ್ಲೆಂಡ್ ಅರ್ಥ ಮಾಡಿಕೊಂಡಿದೆ. ಹತ್ತೊಂಬತ್ತು ವರ್ಷದ ಹುಡುಗಿಯನ್ನು ಸೆನೆಟ್ ಸಭೆಯಲ್ಲಿ ಕೂರಿಸಿ, ನೂರು ಪುಟದ ಕಡತ ಕೈಗೆ ಕೊಟ್ಟು, ‘ನಿಮ್ಮ ಅಭಿಪ್ರಾಯ ಹೇಳಿ’ ಅಂದರೆ ಅವಳು ಏನು ಹೇಳಿಯಾಳು? 2003ರಿಂದ ಅಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳಿಗೆ ತರಬೇತಿ ಮತ್ತು ಬೆಂಬಲ ಕೊಡಲೆಂದೇ ಸ್ಪಾರ್ಕ್ಸ್ ಎಂಬ ಸಂಸ್ಥೆ ಇದೆ. ತರಗತಿಯ ಅಭಿಪ್ರಾಯ ಸಂಗ್ರಹಿಸುವುದು ಹೇಗೆ, ತನ್ನ ಸ್ವಂತ ಸಿಟ್ಟನ್ನು ಎಲ್ಲರ ಮಾತಿನಿಂದ ಬೇರೆ ಮಾಡುವುದು ಹೇಗೆ, ಸಭೆಯಲ್ಲಿ ವಿಷಯ ಎತ್ತುವುದು ಹೇಗೆ, ಇವೆಲ್ಲ ಕಲಿತು ಬರುವ ವಿದ್ಯೆ. ವಿಶ್ವವಿದ್ಯಾಲಯಗಳ ಗುಣಮಟ್ಟ ಪರಿಶೀಲಿಸಲು ಹೋಗುವ ತಂಡಗಳಲ್ಲೂ ಅಲ್ಲಿ ವಿದ್ಯಾರ್ಥಿ ಪರಿಶೀಲಕರು ಇರುತ್ತಾರೆ. ಪ್ರಾಧ್ಯಾಪಕರ ಪಕ್ಕದಲ್ಲಿ ಕೂತು ಇನ್ನೊಂದು ವಿಶ್ವವಿದ್ಯಾಲಯದ ಕಡತ ಓದಿ ಪ್ರಶ್ನೆ ಕೇಳುತ್ತಾರೆ.

ಮತ್ತೆ ಸಿಯಾಟಲ್‌ಗೆ ಹೋಗೋಣ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ತಂತ್ರಜ್ಞಾನ ಶುಲ್ಕ ಎಂಬ ಒಂದು ಸಣ್ಣ ಶುಲ್ಕ ಕಟ್ಟುತ್ತಾರೆ. ಆ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕು ಅಂತ ತೀರ್ಮಾನಿಸುವುದು ವಿದ್ಯಾರ್ಥಿಗಳದೇ ಸಮಿತಿ. ವಿಭಾಗಗಳು ಪ್ರಸ್ತಾವ ಬರೆದು ಅವರ ಮುಂದೆ ಬರಬೇಕು. ಇದರಿಂದ ಎಷ್ಟು ಜನರಿಗೆ ಉಪಯೋಗ, ಬೇರೆ ಕಡೆ ಹೀಗೇ ಇನ್ನೊಂದು ಇಲ್ಲವೇ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ, ವಿಭಾಗದವರು ಉತ್ತರ ಕೊಡುತ್ತಾರೆ. ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್, ಕ್ಯಾಮೆರಾ ಮುಂತಾದವನ್ನು ಉಚಿತವಾಗಿ ಎರವಲು ಕೊಡುವ ವ್ಯವಸ್ಥೆ ಈ ಹಣದಿಂದಲೇ ನಡೆಯುತ್ತದೆ. ಸ್ವಂತ ಲ್ಯಾಪ್‌ಟಾಪ್ ಕೆಟ್ಟುಹೋದ ವಾರದಲ್ಲೇ ಅಸೈನ್‌ಮೆಂಟ್ ಕೊಡಬೇಕಾದ ವಿದ್ಯಾರ್ಥಿಗೆ ಇದು ಎಂಥ ನೆರವು ಅಂತ ಬೇರೆ ಹೇಳಬೇಕಿಲ್ಲ. ದೀಪದ ಕಂಬದಂಥ ಕೆಲಸಗಳಿಗೂ ಇಂಥದ್ದೇ ಒಂದು ನಿಧಿ ಇಡಬಹುದು. ವರ್ಷದ ಆರಂಭದಲ್ಲೇ ಮೊತ್ತ ಗೊತ್ತಿರಲಿ, ಅದನ್ನು ಹಂಚುವವರು ಆ ದಾರಿಯಲ್ಲಿ ರಾತ್ರಿ ನಡೆಯುವವರೇ ಆಗಿರಲಿ. ಎಂಜಿನಿಯರಿಂಗ್ ವಿಭಾಗದ ಒಬ್ಬ ಅಧಿಕಾರಿಯ ಹೆಸರು, ಕೆಲಸ ಮುಗಿಸುವ ದಿನಾಂಕ ಎರಡೂ ಪ್ರತಿ ತೀರ್ಮಾನದ ಪಕ್ಕದಲ್ಲಿ ಬರೆದಿರಲಿ.